ಹಸಿ ತೊಗಲಿನ ಪಟ್ಟಿ

ಚರ್ಮದ ಕೆಲಸ ಕಲಿಸುವ ಶಾಲೆಯ ಮಾಸ್ತರರೊಬ್ಬರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. “ತಾಯಪ್ಪನವರ, ಹೊಸದಾಗಿ ಈ ಕಸುಬಿಗೆ ಬರೋರಿಗೆ ನಿಮ್ಮ ಅನುಭವ ಬರದುಕೊಡ್ರಿ, ಅವರಿಗೆ ಸ್ಫೂರ್ತಿ ಬರ್ತೈತಿ” ಎಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಎಂದರು. ಹಿತ್ತಲಲ್ಲಿ ತೊಗಲು ನೆನೆಯಲು ಹಾಕಿದ್ದೆ. ಆ ವಾಸನೆಯಲ್ಲಿ ಅವರಿಗೆ ಸ್ಫೂರ್ತಿ ಅಂಥಾದ್ದೇನೂ ಸಿಕ್ಕಂತೆ ಕಾಣಲಿಲ್ಲ. ಇರಲಿ, ಬರೆಯುತ್ತೇನೆ. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಒತ್ತಕ್ಷರ ತಪ್ಪಿದ್ದರೆ ಮಾಸ್ತರರು ತಿದ್ದಿಕೊಳ್ಳಲಿ, ಸಂಗತಿಯನ್ನು ಮಾತ್ರ ತಿದ್ದಬಾರದು.

ನಾನಿದ್ದದ್ದು ಮಕ್ತಲ್ ಸೀಮೆಯ ಒಂದು ಸರಕಾರಿ ಕಚೇರಿಯಲ್ಲಿ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಈಗಿನವರು ಬಂದು ಜಗಳ ತೆಗೆಯುತ್ತಾರೆ. ಆಗ ನಿಜಾಮರ ಸರಕಾರ. ಸರಕಾರಿ ಟಪಾಲಿಗೆ ಟಪ್ಪಾ ಎನ್ನುತ್ತಿದ್ದರು, ಅದನ್ನು ಹೊತ್ತು ಊರೂರಿಗೆ ಹೋಗುವವನಿಗೆ ಹರ್ಕಾರ ಎನ್ನುತ್ತಿದ್ದರು. ಜವಾನರ ಮತ್ತು ಹರ್ಕಾರರ ಬೂಟು, ಬೆಲ್ಟು, ಚೀಲ ರಿಪೇರಿ ಮಾಡಲು ಕಚೇರಿಗೊಬ್ಬ ಮೋಚಿ. ಆ ಒಬ್ಬ ನಾನು. ನನ್ನ ಬಡ್ತಿಯ ಚರಿತ್ರೆ ಒಂದೇ ಸಾಲಿನದು: ಮೊದಲು ಗೋಣಿತಟ್ಟಿನ ಮೇಲೆ ಕೂರುತ್ತಿದ್ದೆ, ಹದಿನೈದು ವರ್ಷ ದುಡಿದ ಮೇಲೆ ಮಣೆ ಕೊಟ್ಟರು. ಆ ಮಣೆಯ ಒಂದು ಕಾಲು ಗಿಡ್ಡವಾಗಿತ್ತು.

ಮೊದಲನೆಯ ಪಾಠ ಕಿರ್‌ಗುಟ್ಟುವ ಬೂಟಿನದು. ಅಟ್ಟೆ ಅಂದರೆ ಬೂಟಿನ ತಳದ ತೊಗಲು, ಅದರ ಎರಡು ಪದರ ಒಂದಕ್ಕೊಂದು ಉಜ್ಜಿದರೆ ಆ ದನಿ ಬರುತ್ತದೆ. ಹೊಲಿಗೆ ಬಿಚ್ಚಿ, ನಡುವೆ ಬಳಪದ ಪುಡಿ ಉದುರಿಸಿ ಮತ್ತೆ ಹೊಲಿದರೆ ದನಿ ಸಾಯುತ್ತದೆ. ಇಷ್ಟು ವಿದ್ಯೆ ಸೋದರಮಾವನಿಂದ ಕಲಿತು ನಾನು ಕಚೇರಿಗೆ ಸೇರಿದ ವಾರದಲ್ಲೇ ಕಂದಾಯ ನೋಡುವ ಗಿರ್ದಾವರ ಸಾಹೇಬರ ಬೂಟು ಬಂತು. ಹಿಮ್ಮಡಿ ಸವೆದಿದೆ, ಸರಿಮಾಡು ಎಂದು ಕಳಿಸಿದ್ದರು. ಹೊಸ ಹುರುಪು ನೋಡಿ, ಹಿಮ್ಮಡಿಯ ಜತೆಗೆ ಕಿರ್‌ಗುಟ್ಟುವುದನ್ನೂ ಕಿತ್ತು ಹಾಕಿ ಶಾಭಾಸ್ ಎನ್ನಿಸಿಕೊಳ್ಳಲು ಕಾದೆ. ಮರುದಿನ ಸಾಹೇಬರೇ ಬಂದರು.

“ಏನಲೇ ತಾಯಪ್ಪ, ನನ್ನ ಬೂಟಿನ ದನಿ ಎಲ್ಲಿ ಇಟ್ಟಿ?”

“ಕಿತ್ತು ಹಾಕೀನ್ರೀ ಸಾಬ್.”

“ಕೀಳಾಕ ಯಾರು ಹೇಳಿದ್ರು ನಿನಗ? ನಿನ್ನೆ ಚಾವಡಿಗೆ ಹೋದ್ರ ಒಬ್ಬನೂ ಎದ್ದು ನಿಂದ್ರಲಿಲ್ಲ. ಕೇಳಿದ್ರ, ನೀವು ಬಂದದ್ದು ಗೊತ್ತಾಗಲಿಲ್ರೀ ಅಂತಾರ!”

ಬಳಪದ ಪುಡಿ ಕೆರೆದು ತೆಗೆದೆ. ಇರಲಿ ಎಂದು ನಡುವೆ ಎರಡು ಒಣ ತೊಗಲಿನ ತುಂಡನ್ನೂ ಸೇರಿಸಿದೆ. ಆಮೇಲೆ ಆ ಬೂಟು ಎಣ್ಣೆಯ ಗಾಣದಂತೆ ಕೂಗುತ್ತಿತ್ತು. ಸಾಹೇಬರು ಊರ ಬಾಗಿಲಿಗೆ ಬಂದರೆ ಚಾವಡಿಯಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಹೊಸಬರು ತಿಳಿದುಕೊಳ್ಳಬೇಕಾದ್ದು ಇಷ್ಟು: ಗಿರಾಕಿಗೆ ಯಾವುದು ಕಿರಿಕಿರಿ, ಯಾವುದು ಠೀವಿ ಎಂದು ಮೊದಲು ಕೇಳಿಕೊಳ್ಳಿ.

ಆಮೇಲೆ ಸೈಕಲ್ ಬಂತು. ಹರ್ಕಾರರು ಅಲ್ಲಿಯವರೆಗೆ ನಡೆದೇ ಹೋಗುತ್ತಿದ್ದರು. ಕಚೇರಿಗೆ ಎರಡು ಸೈಕಲ್ ಮಂಜೂರಾದದ್ದೇ ತಡ, ಹರ್ಕಾರರ ಮೇಲಿನ ಜಮಾದಾರರಿಗೆ ಒಂದು ವಿಚಾರ ಹೊಳೆಯಿತು. ಸೈಕಲ್ ಸವಾರನೆಂದರೆ ಕುದುರೆ ಸವಾರನಿದ್ದಂತೆ, ಅವನ ಬೂಟಿಗೆ ನಾಲು, ಅಂದರೆ ಲಾಳ, ಇರಬೇಕು. ಸರಿ, ಎಲ್ಲರ ಅಟ್ಟೆಗೂ ಕಬ್ಬಿಣದ ನಾಲು ಹೊಡೆದೆ. ಕಬ್ಬಿಣದ ಪೆಡಲಿನ ಮೇಲೆ ಕಬ್ಬಿಣದ ನಾಲು! ಮೊದಲ ಮಳೆಗೇ ಕಾಲು ಜಾರಿ ಹರ್ಕಾರರ ಮೊಣಕಾಲ ಕೆಳಗಿನ ಚರ್ಮವೆಲ್ಲ ಪೆಡಲಿಗೆ ಹತ್ತಿಕೊಂಡು ಹೋಯಿತು. ಜಮಾದಾರರು ಸೈಕಲ್ ಹತ್ತಿದವರಲ್ಲ. “ಕಾಲು ಗಟ್ಟಿ ಇಡ್ರಲೇ” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಜಮಾದಾರರು ಕುಣಿಯದೆಯೇ ಕುಣಿಯುವವರ ಕಾಲು ಡೊಂಕು ಎನ್ನುತ್ತಿದ್ದರು.

ಇದಕ್ಕೆ ಮದ್ದು ಸಿಕ್ಕಿದ್ದು ಗದ್ವಾಲದಲ್ಲಿ. ನನ್ನ ಹೆಂಡತಿಯ ತವರು ಅದು. ಅಲ್ಲಿಗೆ ಹೋದಾಗ ವಕೀಲರೊಬ್ಬರ ಮಗ ನನ್ನನ್ನು ಕರೆಸಿದ. ಹೈದರಾಬಾದಿನಲ್ಲಿ ಓದುತ್ತ ಸೈಕಲ್ ಪಂದ್ಯಕ್ಕೆ ಇಳಿಯುತ್ತಿದ್ದವನು. ಅವನ ಬೂಟು ನೋಡಿ ನಗು ಬಂತು. ಹಪ್ಪಳದಷ್ಟು ತೆಳ್ಳಗೆ, ಅಟ್ಟೆಯ ಕೆಳಗೆ ಒಂದು ಕಬ್ಬಿಣದ ತುಂಡು, ಅದರಲ್ಲೊಂದು ಅಡ್ಡ ಕಚ್ಚು. ಪೆಡಲಿನ ಅಂಚು ಆ ಕಚ್ಚಿನಲ್ಲಿ ಕೂತರೆ ಕಾಲು ಜಾರುವುದಿಲ್ಲ. ಅವನ ತಕರಾರು ಮೊಣಕಾಲು ನೋವು. ಯಾವನೋ ಮೋಚಿ ಅಂದಾಜಿನ ಮೇಲೆ ಕಚ್ಚು ಹೊಡೆದಿದ್ದ. ಅವನ ಪಾದ ಹುಟ್ಟಿನಿಂದಲೇ ಸ್ವಲ್ಪ ಹೊರಕ್ಕೆ ತಿರುಗಿತ್ತು, ಕಚ್ಚು ಅದನ್ನು ನೆಟ್ಟಗೆ ಹಿಡಿದು ನಿಲ್ಲಿಸಿತ್ತು. ನಾನು ಕಬ್ಬಿಣ ಕಿತ್ತು, “ಬರೀ ಅಟ್ಟಿ ಮ್ಯಾಲೆ ಹೊಳಿ ತನಕ ಹೋಗಿ ಬರ್ರಿ” ಎಂದೆ. ಕೃಷ್ಣೆಯ ದಂಡೆಗೆ ಹೋಗಿ ಬಂದ. ಅಟ್ಟೆಯ ಮೇಲೆ ಪೆಡಲಿನ ಗೆರೆ ಮೂಡಿತ್ತು. ಅದೇ ಗೆರೆಯ ಮೇಲೆ ಕಚ್ಚು ಕೂಡಿಸಿದೆ. ನೋವು ಹೋಯಿತು.

ಎರಡು ದಿನಕ್ಕೆ ಇನ್ನೊಂದು ತಕರಾರು ತಂದ. ಅವರ ಮನೆಯ ನುಣುಪು ಹಾಸುಗಲ್ಲಿನ ಮೇಲೆ ಆ ಬೂಟಿನಲ್ಲಿ ನಡೆದು, ತಂದೆಯ ಕಕ್ಷಿದಾರರ ಎದುರಿಗೇ ಅಂಗಾತ ಬಿದ್ದಿದ್ದನಂತೆ. ಕಬ್ಬಿಣದ ಸುತ್ತ ಅದಕ್ಕಿಂತ ಒಂದು ಎಳೆ ದಪ್ಪದ ತೊಗಲು ಕೂಡಿಸಿಕೊಟ್ಟೆ. ನೆಲಕ್ಕೆ ತೊಗಲು ತಾಗುತ್ತದೆ, ಪೆಡಲಿಗೆ ಕಬ್ಬಿಣ ತಾಗುತ್ತದೆ. ಹೊಸಬರು ಇದೊಂದನ್ನು ಬರೆದಿಟ್ಟುಕೊಳ್ಳಲಿ. ಬೂಟಿಗೆ ಏನೇ ಹೊಡೆಯುವುದಿದ್ದರೂ ನಿಮ್ಮ ಕಣ್ಣಿನ ಅಳತೆ ಬೇಡ, ಕಾಲನ್ನೇ ಕೇಳಿ. ಮನುಷ್ಯ ಸುಳ್ಳು ಹೇಳುತ್ತಾನೆ, ಅಟ್ಟೆ ಹೇಳುವುದಿಲ್ಲ. ಸುಳ್ಳು ಹೇಳುವವರಲ್ಲಿ ಮೋಚಿಯೂ ಒಬ್ಬ ಎಂಬುದನ್ನು ಮುಂದೆ ಹೇಳುತ್ತೇನೆ. ಈ ಕಾಗದ ಹಿಡಿದು ಕೂತದ್ದೇ ಅದಕ್ಕೆ.

ನಮ್ಮ ಹರ್ಕಾರರಲ್ಲಿ ಮಲ್ಲೇಶಿ ಎಂಬವನಿದ್ದ. ನರ್ವಾ ಕಡೆಯ ಕುರುಬರವನು, ನನ್ನ ಓರಗೆಯವನು. ಕುರುಬರ ದೇವರು ಬೀರಪ್ಪನ ಒಕ್ಕಲು. ಅವರ ಮನೆತನದಲ್ಲಿ ಕುರಿ ಬಿಟ್ಟು ಸರಕಾರಿ ನೌಕರಿಗೆ ಬಂದ ಮೊದಲನೆಯವನು. ಚಿಕ್ಕಂದಿನಲ್ಲಿ ಬಂಡೆಯಿಂದ ಬಿದ್ದು ಬಲಗಾಲಿನ ಹರಡಿನ ಕೀಲು ಮುರಿದು, ಪಾದ ಹೊರಕ್ಕೆ ವಾಲಿಕೊಂಡು ಕೂಡಿತ್ತು. ನಡೆಯಲು ತೊಂದರೆ ಇರಲಿಲ್ಲ. ಸೈಕಲ್ ಬಂದ ಮೇಲೆ ಪೀಡೆ ಶುರುವಾಯಿತು, ನಾಲ್ಕು ತುಳಿತಕ್ಕೊಮ್ಮೆ ಬಲಗಾಲು ಪೆಡಲು ಬಿಟ್ಟು ಹೋಗುತ್ತಿತ್ತು. ಟಪ್ಪಾ ತಡವಾಗುತ್ತಿತ್ತು. “ಇನ್ನೊಮ್ಮೆ ತಡ ಆದ್ರ ಕುರಿ ಹಿಂದ ಹೋಗು” ಎಂದು ಜಮಾದಾರರು ಎರಡು ಸಲ ಅಂದಿದ್ದರು.

ಗದ್ವಾಲದಿಂದ ಬಂದವನೇ ಅವನ ಬೂಟಿನ ನಾಲು ಕಿತ್ತು, ಗೆರೆ ತೆಗೆದು, ಕಚ್ಚು ಹೊಡೆದುಕೊಟ್ಟೆ. ಮಲ್ಲೇಶಿ ಕಚೇರಿಯ ಅಂಗಳದಲ್ಲಿ ಮೂರು ಸುತ್ತು ಹಾಕಿ ಬಂದು ನನ್ನ ಕೈ ಹಿಡಿದುಕೊಂಡ. “ತಾಯಪ್ಪ, ನೀ ನನಗ ಕಾಲು ಕೊಟ್ಟಿ ನೋಡೋ” ಎಂದ. ಕಣ್ಣಲ್ಲಿ ನೀರಿತ್ತು. ನನಗೂ ಎದೆ ಉಬ್ಬಿತು, ಸುಳ್ಳೇಕೆ? ಆ ದಿನ ನಾನು ಮಣೆಯ ಗಿಡ್ಡ ಕಾಲನ್ನೂ ಬೈಯಲಿಲ್ಲ.

ಹದಿನೈದು ದಿನ ಎಲ್ಲ ಸರಿಯಿತ್ತು. ಆಮೇಲೆ ಮತ್ತೆ ಬಂದ. ಗುಂಡುಗಲ್ಲಿನ ದಾರಿಯಲ್ಲಿ ಸೈಕಲ್ ಕುಣಿದಾಗ ಪಾದ ಕಚ್ಚಿನಿಂದ ಮೇಲಕ್ಕೆ ಹಾರುತ್ತದೆ, ಒಂದು ಪಟ್ಟಿ ಹಾಕಿಕೊಡು ಎಂದ. ಪೆಡಲಿಗೂ ಪಾದಕ್ಕೂ ಸೇರಿಸಿ ಸುತ್ತುವ ತೊಗಲಿನ ಪಟ್ಟಿ, ಬಕ್ಕಲು ಇರುತ್ತದೆ. ಹತ್ತಿದ ಮೇಲೆ ಬಗ್ಗಿ ಎಳೆದುಕೊಳ್ಳಬೇಕು, ಇಳಿಯುವ ಮೊದಲು ಬಗ್ಗಿ ಸಡಿಲಿಸಬೇಕು. ಅವನಿಗೆ ಬೇಕಾದದ್ದು ಬಲಗಾಲಿಗೆ ಒಂದು. ಜಮಾದಾರರು ಒಪ್ಪಬೇಕಲ್ಲ! “ಸರ್ಕಾರಿ ಬೂಟು ಅಂದ್ರ ಜೋಡಿ. ಎರಡೂ ಒಂದೇ ನಮೂನಿ ಇರಬೇಕು. ಒಂದು ಕಾಲಿಗೆ ಕಾಯಿದೆ, ಇನ್ನೊಂದು ಕಾಲಿಗೆ ಇಲ್ಲ ಅಂದ್ರ ಹೆಂಗ?” ಎಂದರು. ಎರಡು ಕಾಲಿಗೂ ಕಚ್ಚು, ಎರಡು ಕಾಲಿಗೂ ಪಟ್ಟಿ.

ಪಟ್ಟಿಗೆ ಹದ ಮಾಡಿದ ತೊಗಲು ಬೇಕು. ಕಚೇರಿಯ ಉಗ್ರಾಣದಲ್ಲಿ ಅಂಥ ತೊಗಲು ಒಂದು ಗೇಣೂ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಹಿಂದಿನ ವಾರ ಜಮಾದಾರರ ಅಪ್ಪಣೆಯಂತೆ ಅವರ ಹೊಸ ಅಳಿಯನ ಜೋಡಿಗೆ ಕತ್ತರಿಸಿದ್ದೆ. ಮದುವೆಯಲ್ಲಿ ಅಳಿಯನ ಕಾಲು ತೊಳೆಯುವುದು ಮಾವನ ಕೆಲಸ, ಆ ಕಾಲಿಗೆ ಜೋಡು ಹಾಕುವುದು ಸರಕಾರದ ಕೆಲಸ. ನನ್ನ ಹತ್ತಿರ ಉಳಿದದ್ದು ಅರೆಹದದ ಹಸಿ ತೊಗಲು. ನೆನೆದರೆ ಹಿಗ್ಗುತ್ತದೆ, ಒಣಗಿದರೆ ಹಿಡಿದದ್ದನ್ನು ಬಿಡುವುದಿಲ್ಲ. ನಮ್ಮ ಕೇರಿಯಲ್ಲಿ ಡೊಳ್ಳಿಗೆ ಚರ್ಮ ಬಿಗಿಯುವುದು ಹೀಗೆಯೇ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಅದರಲ್ಲೇ ಎರಡು ಪಟ್ಟಿ ಹೊಲಿದುಕೊಟ್ಟೆ. ಬೇರೆ ತೊಗಲು ಬಂದ ಮೇಲೆ ಬದಲಿಸೋಣ, ಎಂಟು ದಿನದ ಮಾತು ತಾನೇ ಎಂದುಕೊಂಡೆ. ಮಲ್ಲೇಶಿಗೆ ಹೇಳಲೂ ಇಲ್ಲ. ನಮ್ಮ ಕಸುಬಿನ ಎಲ್ಲ ಅನಾಹುತ ಶುರುವಾಗುವುದು ಈ ‘ಎಂಟು ದಿನದ ಮಾತಿ’ನಿಂದಲೇ.

ಅವನ ದಾರಿಯಲ್ಲಿ ಒಂದು ಊರಿತ್ತು, ಊರಲ್ಲಿ ಒಬ್ಬ ದೊರೆ, ದೊರೆಗೆ ಕೋಟೆಯಂಥ ಮನೆ. ಗಢಿ ಎನ್ನುತ್ತಿದ್ದರು. ಊರ ಹೆಸರು ಬೇಡ, ಆ ಮನೆತನದವರು ಈಗಲೂ ಕೈಮುಗಿದು ಓಟು ಕೇಳಲು ಬರುತ್ತಾರೆ. ಆಗ ಗಢಿಯ ಮುಂದೆ ಹೋಗುವವರು ಯಾರೇ ಆಗಲಿ ಗಾಡಿಯಿಂದ, ಎತ್ತಿನಿಂದ, ಸೈಕಲ್ಲಿನಿಂದ ಇಳಿಯಬೇಕು, ಮೆಟ್ಟು ಕೈಯಲ್ಲಿ ಹಿಡಿಯಬೇಕು, ಬಗ್ಗಿ ನಡೆದು ಆಚೆಯ ಬೇವಿನ ಮರ ದಾಟಿದ ಮೇಲೆ ಮತ್ತೆ ಮೆಟ್ಟಬೇಕು. ಸರಕಾರಿ ಹರ್ಕಾರನಿಗೂ ಬಿಡುವಿರಲಿಲ್ಲ. ನಿಜಾಮರ ಹುಕುಂ ಹೈದರಾಬಾದಿನಿಂದ ಹೊರಟು ಆ ಬೇವಿನ ಮರದ ತನಕ ಬಂದು, ಅಲ್ಲಿ ಅದೂ ಮೆಟ್ಟು ಬಿಟ್ಟೇ ಮುಂದೆ ಹೋಗುತ್ತಿತ್ತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಮಲ್ಲೇಶಿ ಹೇಳಿದ್ದು, ಆ ಊರಿನವರು ಹೇಳಿದ್ದು ಕೂಡಿಸಿ ಹೇಳುತ್ತೇನೆ. ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ಪೊಲೀಸ್ ಕಾರ್ಯಾಚರಣೆಗೆ ಹಿಂದಿನ ವರ್ಷದ ಮಳೆಗಾಲ. ಹಳ್ಳದಲ್ಲಿ ನೀರಿತ್ತು. ಮಲ್ಲೇಶಿ ದಾಟಿ, ಆಚೆ ದಡದಲ್ಲಿ ಸೈಕಲ್ ಹತ್ತಿ, ನೆನೆದು ಹಿಗ್ಗಿದ ಪಟ್ಟಿಗಳನ್ನು ಚೆನ್ನಾಗಿ ಎಳೆದು ಬಿಗಿದುಕೊಂಡ. ಮೋಡ ಸರಿದು ಬಿಸಿಲು ಸುರಿಯಿತು. ಗಢಿ ಕಾಣುವ ಹೊತ್ತಿಗೆ ಪಟ್ಟಿ ಒಣಗಿ ಪಾದವನ್ನು ಪೆಡಲಿಗೆ ಬೆಸೆದಿತ್ತು. ಬಗ್ಗಿ ಬಕ್ಕಲು ಎಳೆದ, ಬರಲಿಲ್ಲ. ಕಾಲು ಕಿತ್ತ, ಕಚ್ಚು ಬಿಡಲಿಲ್ಲ. ನಿಂತರೆ ಬೀಳಬೇಕು. ಬಿದ್ದರೆ ಸರಕಾರಿ ಸೈಕಲ್ ಮುರಿಯುತ್ತದೆ. ಯೋಚನೆ ಮುಗಿಯುವಷ್ಟರಲ್ಲಿ ಗಢಿಯ ಬಾಗಿಲು ಬಂದೇಬಿಟ್ಟಿತು.

ದೊರೆ ಕಟ್ಟೆಯ ಮೇಲೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದ. ಮಲ್ಲೇಶಿ ಒಂದು ಕೈಯಿಂದ ತಲೆಯ ರುಮಾಲು ಕಿತ್ತು ಬೀಸುತ್ತ, “ಬಾಂಚನ್ ದೊರಾ! ಕಾಲು ಸಿಕ್ಕೈತ್ರೀ! ನೀ ಕಾಲ್ಮೊಕ್ತಾ!” ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗಿಕೊಳ್ಳುತ್ತ ಸೈಕಲ್ ಮೇಲೆಯೇ ದಾಟಿಹೋದ. ನಿನ್ನ ಗುಲಾಮ ನಾನು, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಕೂಗಿದವನ ಕಾಲು ಪೆಡಲು ಬಿಟ್ಟರೆ ತಾನೇ ಬೀಳುವುದು! ದೊರೆಗೆ ಕಂಡದ್ದು ಬೂಟು ಮೆಟ್ಟಿಕೊಂಡು, ರುಮಾಲು ಕುಣಿಸುತ್ತ, ಗಂಟಲು ಹರಿಯುವಂತೆ ಕೂಗುತ್ತ ಹೋದ ಒಬ್ಬ ಕುರುಬ. ಅಷ್ಟಕ್ಕೇ ಹೋಗಿದ್ದರೆ ಪಾರಾಗುತ್ತಿದ್ದನೋ ಏನೋ. ಪಾಪ, ಒಳ್ಳೆಯವನು, ತಪ್ಪಾಯಿತು ಎಂದು ಹೇಳಿಬರೋಣ ಎಂದು ಬಾವಿಯ ಹತ್ತಿರ ಸೈಕಲ್ ತಿರುಗಿಸಿದ. ತಿರುಗಿ ಬಂದವನು ನಿಲ್ಲುವುದು ಹೇಗೆ? ಎರಡನೇ ಸಲವೂ ಗಢಿಯ ಮುಂದೆ ಸೈಕಲ್ ಮೇಲೆಯೇ ಹೋದ. ಒಂದು ಸಲ ಹೋದರೆ ತಪ್ಪು, ಎರಡನೇ ಸಲ ಹೋದರೆ ಸೊಕ್ಕು. ಮೂರನೇ ಸಲಕ್ಕೆ ಆಳುಗಳು ಅಡ್ಡಗಟ್ಟಿ ಸೈಕಲ್ ಸಮೇತ ಎತ್ತಿಕೊಂಡು ಹೋದರು.

ಪಟ್ಟಿಯನ್ನು ಕುಡುಗೋಲಿನಿಂದ ಕೊಯ್ದು ಕಾಲು ಬಿಡಿಸಿದರಂತೆ. ಆ ಬೂಟುಗಳನ್ನೇ ಅವನ ತಲೆಯ ಮೇಲೆ ಹೊರಿಸಿ ಬಿಸಿಲಲ್ಲಿ ನಿಲ್ಲಿಸಿದರಂತೆ, ಹೊತ್ತು ಇಳಿಯುವ ತನಕ. ಅದೇ ದಿನ ದೊರೆ ತನ್ನ ಹುಲ್ಲಿನ ಕಾವಲಿನಲ್ಲಿ ಮಲ್ಲೇಶಿಯ ಹಟ್ಟಿಯ ಕುರುಬರ ಕುರಿ ಮೇಯುವುದನ್ನು ನಿಲ್ಲಿಸಿದ. ನಮ್ಮ ಕಚೇರಿಗೂ ಕಾಗದ ಬಂತು, ಇಂಥ ಹರ್ಕಾರನನ್ನು ತೆಗೆದುಹಾಕಿ ಎಂದು.

ಜಮಾದಾರರು ವಿಚಾರಣೆ ಇಟ್ಟರು. ಕಚೇರಿಯ ಗುಮಾಸ್ತರಾದ ಮುನ್ಶಿ ಸಾಹೇಬರು ಬರೆಯಲು ಕೂತರು. ಬೂಟು ಮೇಜಿನ ಮೇಲಿತ್ತು, ಪಟ್ಟಿಯ ತುಂಡು ದೊರೆಯ ಊರಲ್ಲೇ ಬಿದ್ದಿತ್ತು. ಮಲ್ಲೇಶಿ ನಡೆದದ್ದನ್ನು ಹೇಳಿ, “ಸೊಕ್ಕಲ್ರೀ, ಕಾಲು ಸಿಕ್ಕಿತ್ರೀ. ಬೇಕಾದ್ರ ತಾಯಪ್ಪನ್ನ ಕೇಳ್ರಿ” ಎಂದ.

ಜಮಾದಾರರು ನನ್ನ ಕಡೆ ತಿರುಗಿದರು. “ಏನು ತಾಯಪ್ಪ, ಬೂಟು ಬರಾಬರ್ ಐತೋ ಇಲ್ಲೋ?”

ಇಲ್ಲ ಎನ್ನಬೇಕು. ಅಂದರೆ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತದೆ. ಪಟ್ಟಿಗೆ ಹಸಿ ತೊಗಲು ಹಾಕಿದೆ ಎನ್ನಬೇಕು. ಹದದ ತೊಗಲು ಎಲ್ಲಿ ಹೋಯಿತು ಎನ್ನುತ್ತಾರೆ. ಅದು ಅಳಿಯನ ಕಾಲಿನಲ್ಲಿದೆ. ಜಮಾದಾರರ ಕಣ್ಣು ಇಷ್ಟನ್ನೂ ನನಗಿಂತ ಮೊದಲೇ ಯೋಚಿಸಿ ಕೂತಿತ್ತು. ನಾನು ಮೇಜಿನ ಮೇಲಿನ ಬೂಟನ್ನು ಎತ್ತಿ, ತಿರುಗಿಸಿ, ದೊಡ್ಡ ಪಂಡಿತನ ಹಾಗೆ ಕಚ್ಚು ಮುಟ್ಟಿ ನೋಡಿದೆ.

“ಬೂಟು ಬರಾಬರ್ ಐತ್ರೀ ಸಾಬ್” ಎಂದೆ.

ಮುನ್ಶಿ ಸಾಹೇಬರು ಉರ್ದುವಿನಲ್ಲಿ ಬರೆದರು. ನಾನು ಹೆಬ್ಬೆಟ್ಟು ಒತ್ತಿದೆ. ಮಲ್ಲೇಶಿ ನನ್ನನ್ನು ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡುತ್ತ ನಿಂತ. ಬರ್ತರಫ್ ಆಯಿತು, ಕೆಲಸದಿಂದ ತೆಗೆದರು. ಕುರಿಯ ಹಿಂದೆ ಹೋದ.

ಅವನ ಗತಿ ಅಲ್ಲಿಗೂ ಮುಗಿಯಲಿಲ್ಲ. ಕಾವಲು ಮುಚ್ಚಿದ್ದರಿಂದ ಕುರಿಗಳು ಹಸಿದು ಒದರುತ್ತಿದ್ದವು. ಹಟ್ಟಿಯ ಹಿರಿಯರು ಅವನನ್ನು ಬೀರಪ್ಪನ ಗುಡಿಯ ಮುಂದೆ ನಿಲ್ಲಿಸಿ ಕೇಳಿದರಂತೆ, ನಾಲ್ಕು ದಿನದ ನೌಕರಿಯ ಮದದಲ್ಲಿ ದೊರೆಯನ್ನು ಕೆಣಕಿದೆಯಾ ಎಂದು. ಮಲ್ಲೇಶಿ ದೇವರ ಅರಿಶಿನ, ಅವರ ಭಂಡಾರ, ಅದನ್ನು ಮುಷ್ಟಿಯಲ್ಲಿ ಹಿಡಿದು ಆಣೆ ಮಾಡಿದ: ಬೇಕೆಂದು ಹೋಗಲಿಲ್ಲ, ಕಾಲು ಸಿಕ್ಕಿತ್ತು. ಭಂಡಾರ ಹಿಡಿದು ಸುಳ್ಳಾಡಿದವನು ಅವರಲ್ಲಿ ಇಲ್ಲ. ಹಿರಿಯರು ನಂಬಿದರು. ನೌಕರಿ ಹೋಗಿತ್ತು, ಮಾತು ಉಳಿಯಿತು.

ಮರುವರ್ಷ ಪೊಲೀಸ್ ಕಾರ್ಯಾಚರಣೆ. ಚರಿತ್ರೆ ಓದಿದವರು ಅದನ್ನು ದೊಡ್ಡ ದೊಡ್ಡ ಮಾತಿನಲ್ಲಿ ಹೇಳುತ್ತಾರೆ. ಮಣೆಯ ಮೇಲೆ ಕೂತವನಿಗೆ ಕಂಡದ್ದು ಕಾಲುಗಳು ಮಾತ್ರ. ಅದಕ್ಕೂ ಮೊದಲು ನಿಜಾಮರ ಕಡೆಯ ರಜಾಕಾರರ ಕವಾಯತಿಗೆಂದು ಎಷ್ಟೋ ಜನ ಬೂಟಿಗೆ ಮೊಳೆ ಹೊಡೆಸಿಕೊಂಡು ಹೋಗಿದ್ದರು, ಬೀದಿ ಗುಡುಗಬೇಕು ಎಂದು. ಭಾರತದ ಯೂನಿಯನ್ ಪಡೆ ಬಂತು ಎಂಬ ಸುದ್ದಿ ರಾಯಚೂರು ಕಡೆಯಿಂದ ಬಂದದ್ದೇ, ಅದೇ ಜನ ಬೂಟು ಪಂಚೆಯಲ್ಲಿ ಮುಚ್ಚಿಕೊಂಡು ಬಂದರು: “ತಾಯಪ್ಪ, ಮೊಳಿ ಕಿತ್ತಿಬಿಡೋ, ಸಪ್ಪಳ ಆಗಬಾರದು.” ಕಿತ್ತೆ. ಹೊಡೆದವನೂ ನಾನೇ, ಕಿತ್ತವನೂ ನಾನೇ. ಆಮೇಲೆ ಮೊಳೆಯನ್ನೇ ಕಾಣದ ಬಡಪಾಯಿಗಳೂ ಪೆಟ್ಟು ತಿಂದರು, ಮನೆ ಕಳೆದುಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ನಗೆಮಾತು ಬರುವುದಿಲ್ಲ, ಮುಂದೆ ಹೋಗುತ್ತೇನೆ.

ಕಚೇರಿಯ ಗೋಡೆಯ ಮೇಲಿನ ಪಟ ಬದಲಾಯಿತು, ಕೆಳಗಿನ ಕುರ್ಚಿಗಳು ಇದ್ದಲ್ಲೇ ಇದ್ದವು. ಜಮಾದಾರರು ನಿಜಾಮರ ಕಾಲದ ಕೆಂಪು ರುಮಿ ಟೋಪಿ ಪೆಟ್ಟಿಗೆಯಲ್ಲಿಟ್ಟು ಬಿಳಿ ಟೋಪಿ ಹಾಕಿಕೊಂಡರು. ತಲೆ ಅದೇ. ಗಢಿಯ ದೊರೆ ಹೈದರಾಬಾದಿಗೆ ಹೋಗಿ ಕೆಲವು ತಿಂಗಳು ಇದ್ದು, ಗಾಳಿ ಯಾವ ಕಡೆ ಎಂದು ತಿಳಿದ ಮೇಲೆ ಖಾದಿ ಉಟ್ಟುಕೊಂಡು ವಾಪಸ್ಸು ಬಂದ.

ಧಾರವಾಡ ಕಡೆಯಿಂದ ಒಬ್ಬ ಹೊಸ ಸಾಹೇಬರು ಬಂದರು. ಒಳ್ಳೆಯವರು. ಒಳ್ಳೆಯವರಿಗೆ ಹಳೆಯ ಕಡತ ಓದಿಸಿ ಕೇಳುವ ಚಟ. ಮಲ್ಲೇಶಿಯ ಕಡತ ಅವರ ಕೈಗೆ ಸಿಕ್ಕಿತು. ಎರಡು ಸಲ! ಬೂಟು ಮೆಟ್ಟಿಕೊಂಡು! ದೊರೆಯ ಗಢಿಯ ಮುಂದೆ! “ಇವ ಹರ್ಕಾರ ಅಲ್ರೀ, ಸತ್ಯಾಗ್ರಹಿ!” ಎಂದು ಕುರ್ಚಿಯಿಂದ ಎದ್ದರಂತೆ. ದೊರೆಗಳ ವಿರುದ್ಧ ನಿಂತು ನೌಕರಿ ಕಳೆದುಕೊಂಡವರನ್ನು ತಿರುಗಿ ತೆಗೆದುಕೊಳ್ಳಬೇಕೆಂದು ಅವರಿಗೆ ಹುಕುಂ ಇತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮಲ್ಲೇಶಿಯನ್ನೂ ನನ್ನನ್ನೂ ಕರೆಸಲು ಹೇಳಿದರು.

ಸುದ್ದಿ ಹೇಳಲು ನಾನೇ ಹಟ್ಟಿಗೆ ಹೋದೆ. ಅವನ ಮುಖ ನೋಡಿ ವರ್ಷದ ಮೇಲಾಗಿತ್ತು. “ಮಲ್ಲೇಶಿ, ಈ ಸಲ ಖರೆ ಹೇಳ್ತೀನಿ. ಪಟ್ಟಿ ಹಸಿ ತೊಗಲಿಂದು, ತಪ್ಪು ನಂದು ಅಂತ ಹೇಳ್ತೀನಿ” ಎಂದೆ.

ಅವನು ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದ. ತಲೆ ಎತ್ತದೆ ಹೇಳಿದ: “ಅಷ್ಟು ಹೇಳು ತಾಯಪ್ಪ, ಸಾಕು. ನೌಕರಿ ಕೊಟ್ರೂ ಸರಿ, ಬಿಟ್ರೂ ಸರಿ. ಭಂಡಾರ ಹಿಡಿದು ಹೇಳಿದ ಮಾತು ನಂದು. ಅದು ಕಾಗದದಾಗೂ ಖರೆ ಆಗಬೇಕು.”

ವಿಚಾರಣೆಯ ದಿನ ಜಮಾದಾರರು ಮೊದಲೇ ಶುರುಮಾಡಿದರು. “ನಾ ಅವತ್ತೇ ಅಂದಿದ್ದೆರಿ ಸಾಹೇಬ್ರ, ಈ ಮನಷ್ಯಾ ದೊಡ್ಡ ದೇಶಭಕ್ತ ಅದಾನ ಅಂತ.” ಮಲ್ಲೇಶಿ ಕೈಮುಗಿದು, “ನಾ ಬೇಕಂತ ಹೋಗಿಲ್ರೀ. ಕಾಲು ಸಿಕ್ಕಿತ್ರೀ. ಬೀರಪ್ಪನ ಆಣಿ ಐತ್ರೀ” ಎಂದ. ಸಾಹೇಬರಿಗೆ ಇನ್ನೂ ಮೆಚ್ಚಿಗೆಯಾಯಿತು. “ನೋಡ್ರಿ, ಎಷ್ಟು ವಿನಯ!” ಎಂದರು.

ಮುನ್ಶಿ ಸಾಹೇಬರು ಹಳೆಯ ಕಾಗದ ಓದಿದರು: ಸರಕಾರಿ ಮೋಚಿ ಬೂಟು ತಪಾಸಣೆ ಮಾಡಿ ಬರಾಬರ್ ಇದೆ ಎಂದಿದ್ದಾನೆ. ಸಾಹೇಬರು ನನ್ನನ್ನು ನೋಡಿದರು.

“ಬೂಟು ಸರಿ ಇತ್ತಂದ್ರ ಇವ ಧೈರ್ಯ ಮಾಡಿ ಹೋದಾಂವ, ಇವತ್ತೇ ನೌಕರಿ ಕೊಡ್ತೀನಿ. ಬೂಟಿನ ತಪ್ಪಂದ್ರ ನಾ ಏನೂ ಮಾಡಾಂಗಿಲ್ಲ. ದೊರೆಗಳ ಎದುರಿಗೆ ನಿಂತವರನ್ನ ತಗೋರಿ ಅಂತ ಹುಕುಂ ಐತಿ, ಸೈಕಲ್ ಇಳಿಯಾಕ ಬರದವರನ್ನ ಅಲ್ಲ. ಹೇಳು, ಬೂಟು ಹೆಂಗಿತ್ತು?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತಿನ ಬೆಲೆ ಈಗ ತಲೆಕೆಳಗಾಯಿತು. ನಿಜ ಹೇಳಿದರೆ ಅವನ ನೌಕರಿ ಹೋಗುತ್ತದೆ, ಸುಳ್ಳು ಹೇಳಿದರೆ ಬರುತ್ತದೆ. ಹಿಂದೆ ಕಸಿದದ್ದನ್ನು ಅದೇ ಮಾತಿನಿಂದ ತಿರುಗಿ ಕೊಡಬಹುದು. ಇದು ಉಪಕಾರ, ಪ್ರಾಯಶ್ಚಿತ್ತ ಎಂದೆಲ್ಲ ಒಂದು ಕ್ಷಣದಲ್ಲಿ ನನಗೆ ನಾನೇ ಹೇಳಿಕೊಂಡೆ. ಬರೆಯಲು ಕೂತ ಮೇಲೆ ಪೂರ್ತಿ ಬರೆಯಬೇಕಲ್ಲ: ಬಿಳಿ ಟೋಪಿಯ ಕೆಳಗಿನಿಂದ ಜಮಾದಾರರ ಅದೇ ಹಳೆಯ ಕಣ್ಣು ನನ್ನನ್ನು ನೋಡುತ್ತಿತ್ತು. ಅದಕ್ಕೂ ಹೆದರಿದೆ.

“ಬೂಟು ಬರಾಬರ್ ಇತ್ರೀ ಸಾಹೇಬ್ರ.”

ಮುನ್ಶಿ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಹೊಸ ಕಾಗದಕ್ಕೆ ಇಳಿಸಿದರು. ನಾನು ಎರಡನೇ ಸಲ ಹೆಬ್ಬೆಟ್ಟು ಒತ್ತಿದೆ. ಮಲ್ಲೇಶಿಗೆ ಹಾರ ಹಾಕಿದರು. ಹಾಕಿದವರು ಜಮಾದಾರರು.

ಸುದ್ದಿ ಹಟ್ಟಿಗೆ ಹೋಯಿತು. ಹಿರಿಯರು ಹಾರ ಬಿದ್ದ ಕೊರಳನ್ನು ನೋಡಿದರು. “ಸರ್ಕಾರ ವಿಚಾರಣಿ ಮಾಡಿ ಬರದೈತಿ. ಬೇಕಂತಲೇ ಹೋದಿ, ನಮ್ಮ ಕುರಿ ಹೊಟ್ಟಿ ಮ್ಯಾಲೆ ಹೊಡದಿ, ಮ್ಯಾಲೆ ಭಂಡಾರ ಹಿಡಿದು ಸುಳ್ಳಾಣಿ ಮಾಡಿದಿ” ಎಂದರು. ಇವನು ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಗುಡಿಯಲ್ಲಿ ಸಾಲಾಗಿ ಎಲ್ಲರ ಹಣೆಗೂ ಭಂಡಾರ ಹಚ್ಚುತ್ತ ಬರುವ ಪೂಜಾರಿಯ ಕೈ ಮಲ್ಲೇಶಿಯನ್ನು ದಾಟಿ ಪಕ್ಕದವನ ಹಣೆಗೆ ಹೋಗುತ್ತಿತ್ತು. ಸರಕಾರದ ಪುಸ್ತಕದಲ್ಲಿ ವೀರ, ಸ್ವಂತ ಹಟ್ಟಿಯಲ್ಲಿ ಸುಳ್ಳುಗಾರ.

ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಮರುದಿನ ಅವನು ಟಪ್ಪಾ ಚೀಲ ತೆಗೆದುಕೊಳ್ಳಲು ಬಂದಾಗ ಸೈಕಲ್ಲಿಗೆ ಅಡ್ಡ ನಿಂತೆ.

“ನಡಿ ಮಲ್ಲೇಶಿ, ಈಗಲೇ ನಿಮ್ಮ ಹಟ್ಟಿಗೆ ಬರ್ತೀನಿ. ಹಿರಿಯರ ಮುಂದ ನಾನೂ ಭಂಡಾರ ಹಿಡೀತೀನಿ. ಪಟ್ಟಿ ನಂದು, ತಪ್ಪು ನಂದು ಅಂತ ಹೇಳ್ತೀನಿ.”

ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಚೀಲದ ಬಾರು ಬಿಗಿಯುತ್ತ ಮೆಲ್ಲಗೆ ಹೇಳಿದ.

“ನೀ ಹೇಳಿದ್ರ ಯಾರು ನಂಬ್ತಾರೋ ತಾಯಪ್ಪ? ನಿಜಾಮನ ಕಾಗದದಾಗೂ ಹೆಬ್ಬೆಟ್ಟು ಒತ್ತೀದಿ, ಕಾಂಗ್ರೆಸ್ಸಿನ ಕಾಗದದಾಗೂ ಒತ್ತೀದಿ. ಈಗ ಬಂದು ಬೇರೆ ಹೇಳಿದ್ರ, ದೋಸ್ತನ ಸಲುವಾಗಿ ಸುಳ್ಳಾಡಾಕ ಬಂದಾನ ಅಂತಾರ.”

ಹತ್ತಿ ಹೋದ. ನೌಕರಿ ಮುಗಿಯುವವರೆಗೆ ದಿನವೂ ನನ್ನ ಮುಂದೆಯೇ ಹೋದ, ಕಂಡರೆ ಮಾತಾಡಿಸಿದ, ಮಕ್ಕಳ ಮದುವೆಗೆ ಕರೆದ. ರಿಪೇರಿಗೆ ಮಾತ್ರ ನಾರಾಯಣಪೇಟೆಯ ಮೋಚಿಯ ಹತ್ತಿರ ಹೋಗುತ್ತಿದ್ದ.

ಈಗ ಹೊಸಬರು ಯಂತ್ರದಲ್ಲಿ ಹೊಲಿಯುತ್ತಾರೆ, ಗೋಂದಿನಲ್ಲಿ ಅಂಟಿಸುತ್ತಾರೆ. ಒಳ್ಳೆಯದು. ನನ್ನ ಚುಚ್ಚುವ ಆರಿ, ಕೊಯ್ಯುವ ರಂಪಿಗೆ, ಎರಡನ್ನೂ ಬೇಕಾದರೆ ಮಾಸ್ತರರು ತೆಗೆದುಕೊಂಡು ಹೋಗಲಿ. ಆ ಹಿರಿಯರು ಯಾರೂ ಉಳಿದಿಲ್ಲ, ಜಮಾದಾರರಿಲ್ಲ, ಮಲ್ಲೇಶಿಯೂ ಹೋಗಿ ಮೂರು ವರ್ಷವಾಯಿತು. ಮಣ್ಣಿಗೆ ಹೋದಾಗ ಅವನ ಹಣೆಯ ಮೇಲೆ ಭಂಡಾರ ಇರಲಿಲ್ಲ, ನಾನು ನೋಡಿದೆ. ಆದ್ದರಿಂದ ಮೂರನೇ ಸಲ ಹೇಳಿಕೆ ಕೊಡುತ್ತಿದ್ದೇನೆ. ಈ ಸಲ ಹೆಬ್ಬೆಟ್ಟಲ್ಲ, ನನ್ನ ಕೈಯಿಂದಲೇ ಬರೆದದ್ದು. ಅವನ ಮಕ್ಕಳು ಇದನ್ನು ಹಟ್ಟಿಯಲ್ಲಿ ಗಟ್ಟಿಯಾಗಿ ಓದಲಿ.

ಪಟ್ಟಿ ಹಸಿ ತೊಗಲಿನದಾಗಿತ್ತು. ಹೊಲಿದವನು ನಾನು. ಮಲ್ಲೇಶಿಯ ಕಾಲು ಸಿಕ್ಕಿತ್ತು.